ಎಡಕ್ಕೆ ಎಳೆಯುವ ಚೆಂಡು

ಮದ್ದೂರು
2 ಜುಲೈ 1944

ರಾಮಾನುಜನಿಗೆ ನಜೀರ್ ಅಹ್ಮದನ ಸಲಾಮು.

ನೀನು ಈಗ ಮೈಸೂರಿನ ಕಾಲೇಜು ತಂಡದ ಕ್ಯಾಪ್ಟನ್. ಮೇಲಾಗಿ ನನಗೆ ಅಕ್ಷರ ಕಲಿಸಿದ ಶ್ಯಾಮಣ್ಣ ಮೇಷ್ಟ್ರ ಮಗ. ಇನ್ನು ಮೇಲೆ ಅವನನ್ನು ‘ನೀವು’ ಅನ್ನಿ ಎಂದು ಮನೆಯಲ್ಲಿ ಸುಲ್ತಾನ್ ಬೀ ಹೇಳುತ್ತಾಳೆ. ನನ್ನ ಅಂಗಡಿಯ ಮೆಟ್ಟಿಲ ಮೇಲೆ ಚರ್ಮದ ಚೂರು ಜೋಡಿಸಿಕೊಂಡು ಆಡಿದವನು ನೀನು. ನನಗೆ ನಾಲಿಗೆ ಹೊರಳುವುದಿಲ್ಲ, ಬೇಸರ ಮಾಡಿಕೊಳ್ಳಬೇಡ.

ಚೆಂಡು ಸಿದ್ಧವಾಗಿದೆ. ನಿಮ್ಮ ತಂಡದ ಪುಟ್ಟಸ್ವಾಮಿ ಮಳವಳ್ಳಿಯಿಂದ ಬಂದು ಇಲ್ಲಿ ರೈಲು ಹತ್ತುವವನಿದ್ದ, ಅವನ ಕೈಗೇ ಕೊಟ್ಟಿದ್ದೇನೆ. ಮೊದಲು ನಿಮ್ಮ ಮನೆಯಲ್ಲಿ ಕೊಡೋಣವೆಂದು ಹೋಗಿದ್ದೆ. ನಿಮ್ಮ ತಾಯಿ ಪಂಕಜಮ್ಮನವರು ಅದನ್ನು ಜಗಲಿ ದಾಟಿಸಲಿಲ್ಲ. “ಕಾಲಲ್ಲಿ ಒದೆಯೋ ಚರ್ಮಕ್ಕೆ ನಮ್ಮ ಮನೇಲಿ ಜಾಗ ಇಲ್ಲಪ್ಪ ನಜೀರ, ಬೇಕಾದ್ರೆ ಮಜ್ಜಿಗೆ ಕುಡ್ದು ಹೋಗು” ಎಂದರು. ಕುಡಿದು ಬಂದೆ.

ಯುದ್ಧ ಮುಗಿಯುವ ತನಕ ಅಂಗಡಿಗಳಲ್ಲಿ ಹೊಸ ಚೆಂಡು ಬರುವುದಿಲ್ಲ ಎಂದಿದ್ದೆಯಲ್ಲ, ನಿಮ್ಮ ಹರಿದ ಚೆಂಡನ್ನು ಹೊಲಿಗೆ ಹೊಲಿಗೆಯಾಗಿ ಬಿಚ್ಚಿ ನೋಡಿಯೇ ಇದನ್ನು ಹೊಲಿದದ್ದು. ಹದಿನೆಂಟು ಪಟ್ಟಿ. ಒಳಗಿನ ರಬ್ಬರ್ ಬ್ಲಾಡರಿಗೆ ಸೈಕಲ್ ಟ್ಯೂಬಿನ ತೇಪೆ ಹಾಕಿದ್ದೇನೆ. ನಮ್ಮಪ್ಪನ ಕಾಲದಿಂದ ಕುದುರೆ ಜೀನು, ಲಗಾಮು ಹೊಲಿದ ಕೈ ಇದು, ದುಂಡಗಿನದನ್ನು ಹೊಲಿದದ್ದು ಇದೇ ಮೊದಲು. ಬ್ಲಾಡರ್ ತುಂಬಿ ಚೆಂಡಿನ ಬಾಯಿ ಕಟ್ಟಿದ ಲೇಸಿನ ಪಕ್ಕದಲ್ಲಿ ನಮ್ಮ ಅಂಗಡಿಯ ಮುದ್ರೆ, ಅರ್ಧಚಂದ್ರ ಮತ್ತು ಲಾಳ, ಒತ್ತಿದ್ದೇನೆ. ಮುದ್ರೆ ಆಳವಾಗಿ ಕೂರಲಿ ಎಂದು, ಜೀನಿಗೆ ಕೊಡುವ ಹಾಗೆ, ಒಳಗಡೆ ಇನ್ನೊಂದು ಪದರ ದಪ್ಪ ಚರ್ಮ ಕೊಟ್ಟಿದ್ದೇನೆ. ಎಷ್ಟು ಒದ್ದರೂ ಅಳಿಸುವುದಿಲ್ಲ.

ನೆನೆದರೆ ನೆರಳಲ್ಲಿ ಒಣಗಿಸು, ಬಿಸಿಲಿಗೆ ಇಡಬೇಡ. ಇದನ್ನು ಮರೆಯಬೇಡ.

ಕೂಲಿಯ ಮಾತು ಬೇಡ. ಪ್ರತಿ ಪಂದ್ಯ ಆದಮೇಲೂ ನನಗೊಂದು ಕಾಗದ ಬರೆ. ಗೆದ್ದಿರಿ, ಸೋತಿರಿ ಎಂದಷ್ಟೇ ಬರೆದರೆ ಸಾಲದು, ಯಾಕೆ ಎಂದು ಬರೆಯಬೇಕು. ಮಂಡ್ಯದಲ್ಲಿ ಒಮ್ಮೆ ಒಂದು ಪಂದ್ಯ ನೋಡಿದ್ದೇನೆ, ಅಷ್ಟೇ. ಅವತ್ತಿನಿಂದ ಆ ಆಟ ತಲೆಯಲ್ಲಿ ಕೂತುಬಿಟ್ಟಿದೆ.

ನಜೀರ್ ಅಹ್ಮದ್


ಮೈಸೂರು
23 ಜುಲೈ 1944

ನಜೀರಣ್ಣನಿಗೆ ರಾಮಾನುಜನ ನಮಸ್ಕಾರ.

ಮೊದಲ ಪಂದ್ಯ ನಮ್ಮ ಮೈದಾನದಲ್ಲೇ ಆಯಿತು. ಮೂರು–ಒಂದರಲ್ಲಿ ಗೆದ್ದೆವು. ಎರಡು ಗೋಲು ಪುಟ್ಟಸ್ವಾಮಿಯದು, ಎರಡೂ ಫ್ರೀ ಕಿಕ್ಕು. ಯಾರಾದರೂ ತಪ್ಪು ಮಾಡಿದರೆ ರೆಫರಿ ಚೆಂಡನ್ನು ನೆಲಕ್ಕಿಟ್ಟು ಎದುರು ತಂಡಕ್ಕೆ ಒದೆಯಲು ಬಿಡುತ್ತಾರಲ್ಲ, ಅದು. ಪುಟ್ಟಸ್ವಾಮಿ ಬೂಟು ಹಾಕುವುದಿಲ್ಲ, ಬರಿಗಾಲು. ಲೇಸು ಬೆರಳಿಗೆ ತಗುಲಿ ಕೊಯ್ಯುತ್ತದೆಂದು ಪ್ರತಿ ಸಲವೂ ಲೇಸನ್ನು ಆಕಾಶಕ್ಕೆ ಮಾಡಿ, ಚೆಂಡನ್ನು ಒಂದೇ ರೀತಿ ಕೂರಿಸುತ್ತಾನೆ. ದೇವರ ಮುಂದೆ ತೆಂಗಿನಕಾಯಿ ಇಟ್ಟಷ್ಟು ಮುತುವರ್ಜಿ. ಅವನು ಒದ್ದಾಗ ಎರಡು ಸಲವೂ ಗೋಲು ಕಾಯುವ ಅವರ ಗೋಲಿ ಬಲಕ್ಕೆ ಹಾರಿದ, ಚೆಂಡು ಎಡಕ್ಕೆ ಬಂದು ಬಲೆಗೆ ಬಿತ್ತು.

ನಮ್ಮಲ್ಲಿರುವುದು ನಿಮ್ಮ ಚೆಂಡೊಂದೇ, ದಿನಾ ಸಂಜೆ ಅದರಲ್ಲೇ ಅಭ್ಯಾಸ. ಅದು ಬೇರೆ ಚೆಂಡುಗಳ ಹಾಗಲ್ಲ ಎಂದು ಹುಡುಗರೆಲ್ಲ ಹೇಳುತ್ತಾರೆ.

ರಾಮಾನುಜ


ಮದ್ದೂರು
28 ಜುಲೈ 1944

ರಾಮಾನುಜ,

ನಿನ್ನ ಕಾಗದವನ್ನು ಅಂಗಡಿಯಲ್ಲಿ ನಾಲ್ಕು ಸಲ ಓದಿದೆ. ರೈಲಿಗೆ ಕಾಯುವ ಜಟಕಾದವರೆಲ್ಲ ಬಾಗಿಲಲ್ಲಿ ನಿಂತು ಕೇಳಿದರು. ‘ಬೇರೆ ಚೆಂಡುಗಳ ಹಾಗಲ್ಲ’ ಎನ್ನುವ ಸಾಲನ್ನು ಮಾತ್ರ ಐದನೆಯ ಸಲವೂ ಓದಿದೆ, ಸುಳ್ಳು ಯಾಕೆ ಹೇಳಲಿ.

ಜಟಕಾದ ಬೋರಯ್ಯ ಒಂದು ಪ್ರಶ್ನೆ ಎತ್ತಿದ. “ಅಲ್ಲ ಸಾಬ್ರೇ, ಚೆಂಡು ಎಡಕ್ಕೆ ಬರೋದಾದ್ರೆ ಆ ಗೋಲಿ ಯಾಕೆ ಬಲಕ್ಕೆ ಆರ್ದ? ಅವನ್ಗೇನು ಕಣ್ಣು ಕಾಣಾಕಿಲ್ವಾ?” ಅವನ ಕುದುರೆಗೂ ಉಪಯೋಗವಿಲ್ಲದ ಪ್ರಶ್ನೆ ಎಂದು ಉಳಿದವರು ನಕ್ಕರು. ಆದರೆ ನನಗೂ ಅದೇ ಅನುಮಾನ. ಒಂದು ಸಲ ಹಾರಿದರೆ ಕೈತಪ್ಪು ಎನ್ನಬಹುದು. ಎರಡು ಸಲವೂ ಯಾಕೆ? ಮರೆಯದೆ ಬರೆ.

ನಜೀರ್


ಮೈಸೂರು
22 ಆಗಸ್ಟ್ 1944

ನಜೀರಣ್ಣ,

ಬೆಂಗಳೂರಿನಲ್ಲಿ ಸೋತೆವು. ಸೊನ್ನೆ–ನಾಲ್ಕು. ರೈಲಿನಲ್ಲಿ ನಿಂತುಕೊಂಡೇ ಹೋಗಬೇಕಾಯಿತು. ಅಲ್ಲಿನ ನೆಲ ಕಲ್ಲಿನ ಹಾಗಿದೆ. ಪುಟ್ಟಸ್ವಾಮಿಗೆ ಮೂರು ಫ್ರೀ ಕಿಕ್ ಸಿಕ್ಕವು. ಮೂರೂ ಬಲಗಂಬದ ಆಚೆಯೇ ಹೋದವು. ಜನ ನಕ್ಕರು.

ಬರೆಯಲು ಹೆಚ್ಚೇನೂ ಇಲ್ಲ. ಅಪ್ಪನಿಗೆ ಸೋಲಿನ ವಿಷಯ ಹೇಳಬೇಡಿ, ಓದು ಬಿಟ್ಟು ಆಡಿದ್ದಕ್ಕೆ ಇಷ್ಟೇನಾ ಎನ್ನುತ್ತಾರೆ.

ರಾಮಾನುಜ


ಮದ್ದೂರು
26 ಆಗಸ್ಟ್ 1944

ರಾಮಾನುಜ,

ಮೇಷ್ಟ್ರಿಗೆ ಹೇಳಿಲ್ಲ. ಅವರೇ ಅಂಗಡಿಗೆ ಬಂದು “ಸೋತರಂತಲ್ಲ, ಎಷ್ಟಕ್ಕೆ?” ಎಂದು ಕೇಳಿದರು. ಪತ್ರಿಕೆ ಓದುವವರಿಂದ ಏನು ಮುಚ್ಚಿಡಲು ಸಾಧ್ಯ?

ಅಂಗಡಿಯ ಗೋಡೆಗೆ ಒಂದು ಹಲಗೆ ತೂಗುಹಾಕಿ ನಿಮ್ಮ ಪಂದ್ಯಗಳನ್ನು ಸೀಮೆಸುಣ್ಣದಲ್ಲಿ ಬರೆಯುತ್ತಿದ್ದೇನೆ. ಊರು, ಮಳೆಯೋ ಬಿಸಿಲೋ, ನೆಲ ಹೇಗಿತ್ತು, ಗೋಲು ಎಷ್ಟು. ಅದೇ ಹನ್ನೊಂದು ಜನ, ಅದೇ ಕಾಲು. ಇಲ್ಲಿ ಮೂರು ಗೋಲು ಹೊಡೆದವರು ಅಲ್ಲಿ ಒಂದೂ ಹೊಡೆಯಲಿಲ್ಲ. ಇದು ಹೇಗೆ? ಬೋರಯ್ಯನ ಪ್ರಕಾರ ನೀರಿನ ದೋಷ. “ಬೆಂಗ್ಳೂರ್ ನೀರು ಕುಡುದ್ರೆ ಕಾಲು ಬಿದ್ದೋಯ್ತವೆ ಬುಡಿ ಸಾಬ್ರೇ, ನನ್ ಕುದ್ರೆನೇ ಆಗಿತ್ತು.” ಅವನ ಕುದುರೆ ಇಲ್ಲೇ ಪಕ್ಕದ ಗೆಜ್ಜಲಗೆರೆ ದಾಟಿ ಆಚೆ ಹೋದದ್ದನ್ನು ನಾನು ಕಂಡಿಲ್ಲ.

ಗೋಲಿಯ ವಿಚಾರ ನೀನು ಬರೆಯಲೇ ಇಲ್ಲ.

ಚೆಂಡು ಎರಡು ತಿಂಗಳು ಒದೆ ತಿಂದಿದೆ. ಯಾರ ಕೈಯಲ್ಲಾದರೂ ಕಳಿಸು, ಹೊಲಿಗೆ ನೋಡಿ, ದಾರಕ್ಕೆ ಮೇಣ ಹಾಕಿ, ಎಲ್ಲಾದರೂ ಹಿಗ್ಗಿದ್ದರೆ ಸರಿಮಾಡಿ ಕೊಡುತ್ತೇನೆ.

ನಜೀರ್


ಮೈಸೂರು
14 ಸೆಪ್ಟೆಂಬರ್ 1944

ನಜೀರಣ್ಣನಿಗೆ ನಮಸ್ಕಾರ.

ಮನೆಯ ಮೈದಾನದಲ್ಲಿ ನಾಲ್ಕು–ಸೊನ್ನೆ. ಮೂರು ಗೋಲು ಪುಟ್ಟಸ್ವಾಮಿಯದು. ಅವನನ್ನು ಹೊತ್ತುಕೊಂಡು ಹಾಸ್ಟೆಲಿನ ತನಕ ಹೋದೆವು. ಮತ್ತೆ ತುಮಕೂರಿಗೆ ಹೋಗಿ ಸೊನ್ನೆ–ಎರಡರಲ್ಲಿ ಸೋತೆವು. ಅವನನ್ನು ಯಾರೂ ಹೊರಲಿಲ್ಲ.

ಚೆಂಡನ್ನು ಕಳಿಸುವುದಿಲ್ಲ, ತಪ್ಪು ತಿಳಿಯಬೇಡಿ. ಅದು ಈಗ ಹೇಗಿದೆಯೋ ಹಾಗೇ ಇರಲಿ. ದಯವಿಟ್ಟು ಅದನ್ನು ಮುಟ್ಟಬೇಡಿ ಎಂದು ಇಡೀ ತಂಡವೇ ಹೇಳುತ್ತಿದೆ.

ದಸರಾ ರಜಕ್ಕೆ ಪುಟ್ಟಸ್ವಾಮಿ ಊರಿಗೆ ಬರುತ್ತಾನೆ. ನನಗೆ ಬರಲು ಆಗುವುದಿಲ್ಲ, ಓದುವುದಿದೆ.

ರಾಮಾನುಜ


ಮದ್ದೂರು
2 ಅಕ್ಟೋಬರ್ 1944

ರಾಮಾನುಜನಿಗೆ.

ಹೊಸ ಲಗಾಮು ಕೊಡಲು ಮಳವಳ್ಳಿಗೆ ಹೋಗಿದ್ದೆ. ಪುಟ್ಟಸ್ವಾಮಿಯ ಮನೆಗೂ ಹೋದೆ. ಅವನ ತಾಯಿ ಚಿಕ್ಕಬೋರಮ್ಮ ಕೂರಿಸಿ ಕಾಫಿ ಕೊಟ್ಟರು. ಎಲ್ಲರೂ ಚೆನ್ನಾಗಿದ್ದಾರೆ.

ಒಂದೇ ಪ್ರಶ್ನೆ. ಬೆಂಗಳೂರಿನಲ್ಲಿ, ತುಮಕೂರಿನಲ್ಲಿ ನೀವು ಆಡಿದ ಚೆಂಡು ಯಾರದು?

ನಜೀರ್ ಅಹ್ಮದ್


ಮೈಸೂರು
5 ನವೆಂಬರ್ 1944

ನಜೀರಣ್ಣನಿಗೆ ರಾಮಾನುಜನ ನಮಸ್ಕಾರ.

ಉತ್ತರ ತಡವಾಯಿತು. ಪರೀಕ್ಷೆ ಇತ್ತು, ಜ್ವರವೂ ಬಂದಿತ್ತು.

ಒಳ್ಳೆಯ ಸುದ್ದಿ ಇದೆ. ಸೆಮಿಫೈನಲ್ ನಮ್ಮ ಮೈದಾನದಲ್ಲೇ ಬಿತ್ತು, ಎರಡು–ಒಂದರಲ್ಲಿ ಗೆದ್ದೆವು. ಕಾಲೇಜುಗಳ ಕಪ್ಪಿನ ಫೈನಲ್ ಡಿಸೆಂಬರ್ ಮೂರು, ಭಾನುವಾರ. ಎದುರಿಗೆ ನಮಗೆ ನಾಲ್ಕು ಹೊಡೆದ ಅದೇ ಬೆಂಗಳೂರಿನ ತಂಡ. ಇಬ್ಬರ ದಾರಿಯ ನಡುವೆ ಇರಲಿ ಎಂದು ಮಂಡ್ಯದಲ್ಲಿ ಇಟ್ಟಿದ್ದಾರೆ. ನಮ್ಮ ಕಾಲೇಜಿಗೆ ಈ ಕಪ್ಪು ಒಮ್ಮೆಯೂ ಬಂದಿಲ್ಲ. ನನಗೆ ಇದು ಕೊನೆಯ ವರ್ಷ. ನೀವು ಬರಲೇಬೇಕು.

ಎಲ್ಲ ಕಡೆಯೂ ಯಾರ ಮೈದಾನವೋ ಅವರದೇ ಚೆಂಡು, ಅದು ಪದ್ಧತಿ. ಮಂಡ್ಯ ಯಾರದೂ ಅಲ್ಲವಾದ್ದರಿಂದ ಟಾಸ್ ಗೆದ್ದವರ ಚೆಂಡಿನಲ್ಲಿ ಆಡಬೇಕು. ನಿಮ್ಮ ಪ್ರಶ್ನೆಗೆ ಉಳಿದ ಉತ್ತರವನ್ನು ಎದುರಿಗೆ ಸಿಕ್ಕಾಗ ಹೇಳುತ್ತೇನೆ.

ರಾಮಾನುಜ


ಮದ್ದೂರು
24 ನವೆಂಬರ್ 1944

ರಾಮಾನುಜ,

ಎದುರಿಗೆ ಸಿಗುವ ತನಕ ಕಾಯಬೇಕಾಗಿಲ್ಲ. ಉತ್ತರ ನನಗೆ ಮಳವಳ್ಳಿಯಲ್ಲೇ ಸಿಕ್ಕಿತ್ತು. ಏಳು ವಾರ ಬಾಯಿ ಬಿಡದೆ ಕೂತಿದ್ದೆ, ಅಷ್ಟೇ.

ಪುಟ್ಟಸ್ವಾಮಿಗೆ ಮುಚ್ಚುಮರೆ ಗೊತ್ತಿಲ್ಲ. ತಾನು ನನ್ನನ್ನು ಹೊಗಳುತ್ತಿದ್ದೇನೆ ಎಂದೇ ಅವನ ತಿಳುವಳಿಕೆ. “ನಿಮ್ ಚೆಂಡು ಎಡಕ್ಕೆ ಎಳೀತದೆ ಸಾಬ್ರೇ. ನಾನು ಬಲಗಂಬದಿಂದ ಒಂದು ಗಜ ಆಚ್ಗೇ ನೋಡಿ ಒದೀತೀನಿ. ಗೋಲಿ ಅದ್ನ ನಂಬ್ಕೊಂಡು ಅತ್ತಗೆ ಓಯ್ತಾನೆ. ಇದು ಇತ್ತಗೆ ಒಳೀಕೆ ಬತ್ತದೆ. ಬೇರೆ ಚೆಂಡಾದ್ರೆ ಒದ್ದ ಕಡೀಕೇ ನೆಟ್ಟಗೆ ಓಯ್ತದೆ, ಕಾಲು ನಿಮ್ ಚೆಂಡ್ಗೇ ಒಗ್ಗೋಗದೆ, ಏನ್ ಮಾಡದು?” ಎಂದ. ಅವನ ತಾಯಿ ಕಾಫಿಗೆ ಇನ್ನಷ್ಟು ಬೆಲ್ಲ ಹಾಕಿದರು. ನಾನು ಅರ್ಧ ಲೋಟ ಬಿಟ್ಟು ಎದ್ದೆ.

ಮನೆಗೆ ಬಂದು ಹಲಗೆ ನೋಡಿದೆ. ಗೆದ್ದದ್ದೆಲ್ಲ ನನ್ನ ಚೆಂಡಿನಲ್ಲಿ, ಸೋತದ್ದೆಲ್ಲ ಬೇರೆಯವರ ಚೆಂಡಿನಲ್ಲಿ. ನಾನು ಇಷ್ಟು ದಿನ ನನ್ನ ಕೈಗುಣ ಎಂದುಕೊಂಡಿದ್ದೆ. ನಿಮ್ಮನ್ನು ಗೆಲ್ಲಿಸುತ್ತಿದ್ದದ್ದು ನನ್ನ ಕೈತಪ್ಪು. ‘ಮುಟ್ಟಬೇಡಿ’ ಎಂದು ನೀನು ಬರೆದದ್ದನ್ನು ಜಟಕಾದವರಿಗೆಲ್ಲ ಓದಿ ಹೇಳಿ ಎದೆಯುಬ್ಬಿಸಿದ್ದೆನಲ್ಲ, ನೆನೆಸಿಕೊಂಡರೆ ಈಗಲೂ ಮುಖ ಬಿಸಿಯಾಗುತ್ತದೆ.

ನಿನ್ನ ಮೇಲೆ ಸಿಟ್ಟು ಬಂದದ್ದು ನಿಜ. ಆದರೆ ಸಿಟ್ಟು ಮಾಡುವ ಯೋಗ್ಯತೆ ನನಗೂ ಇಲ್ಲ, ನಾನೂ ಒಂದು ಮುಚ್ಚಿಟ್ಟಿದ್ದೆ. ಒಳ್ಳೆಯ ಚರ್ಮವೆಲ್ಲ ಸಿಪಾಯಿಗಳ ಬೂಟಿಗೆ ಹೋಗುತ್ತಿದೆ. ಹದಿನೆಂಟು ಪಟ್ಟಿಗೆ ಸಾಲುವಷ್ಟು ಬೆನ್ನಿನ ಚರ್ಮ ನನ್ನಲ್ಲಿ ಇರಲಿಲ್ಲ. ಎರಡು ಪಟ್ಟಿ ಹೊಟ್ಟೆಯ ಚರ್ಮದ್ದು ಸೇರಿಸಿದೆ. ಬೆನ್ನಿನದು ಜಗ್ಗುವುದಿಲ್ಲ, ಹೊಟ್ಟೆಯದು ನೆನೆದರೆ ಹಿಗ್ಗುತ್ತದೆ. ಜೀನಿನಲ್ಲಾದರೆ ಅಂಥದ್ದನ್ನು ಅಡಿಗೆ ಹಾಕುತ್ತೇವೆ, ಯಾರಿಗೂ ಕಾಣುವುದಿಲ್ಲ. ಅದೇ ಅಭ್ಯಾಸದಲ್ಲಿ ಇಲ್ಲೂ ಹಾಕಿದೆ. ಚೆಂಡಿಗೆ ಅಡಿ ಎಲ್ಲಿದೆ? ಬಿಸಿಲಿಗೆ ಇಡಬೇಡ ಎಂದು ಹೇಳಿದ್ದು ಅದಕ್ಕೇ.

ಈ ಕಾಗದದ ಜೊತೆ ಹೊಸ ಚೆಂಡು ಕಳಿಸಿದ್ದೇನೆ. ಅಂಗಡಿಯಲ್ಲಿ ನಮ್ಮಪ್ಪ ಹೊಲಿದ ಜೀನು ತೂಗುಹಾಕಿತ್ತಲ್ಲ, ನೀನು ಚಿಕ್ಕವನಿದ್ದಾಗ ಅದರ ಮೇಲೆ ಕೂರಿಸು ಎಂದು ಅಳುತ್ತಿದ್ದೆ. ಅದನ್ನು ಬಿಚ್ಚಿದೆ. ಪೂರಾ ಬೆನ್ನಿನ ಚರ್ಮ. ಮೂವತ್ತು ವರ್ಷ ಎಣ್ಣೆ ಕುಡಿದು ಹದವಾದದ್ದು, ಇನ್ನು ಹಿಗ್ಗುವುದಕ್ಕೆ ಅದರಲ್ಲಿ ಏನೂ ಉಳಿದಿಲ್ಲ. ಸುಲ್ತಾನ್ ಬೀ ಒಂದು ದಿನ ನನ್ನ ಜೊತೆ ಮಾತು ಬಿಟ್ಟಿದ್ದಳು. ಈ ಚೆಂಡಿನ ಮೇಲೆ ಮುದ್ರೆ ಒತ್ತಿಲ್ಲ. ಒತ್ತಲು ಕೈ ಬರಲಿಲ್ಲ.

ಮಂಡ್ಯದಲ್ಲಿ ಟಾಸ್ ಗೆದ್ದರೆ ಯಾವ ಚೆಂಡು ಇಡಬೇಕೆಂದು ನಾನು ಹೇಳುವುದಿಲ್ಲ. ಹಳೆಯದನ್ನು ಇಟ್ಟರೆ ಕಪ್ಪು ನಿಮ್ಮದೇ ಆಗಬಹುದು. ನನಗೂ ಆ ಕಪ್ಪು ಬೇಕು, ನಿನ್ನಷ್ಟೇ ಬೇಕು. ಕ್ಯಾಪ್ಟನ್ ನೀನು. ನಾನು ಮೈದಾನದ ಅಂಚಿನ ಹಗ್ಗದ ಹತ್ತಿರ ನಿಂತಿರುತ್ತೇನೆ.

ನಜೀರ್


ಮೈಸೂರು
6 ಡಿಸೆಂಬರ್ 1944

ನಜೀರಣ್ಣನಿಗೆ ರಾಮಾನುಜನ ನಮಸ್ಕಾರ.

ಆಟ ಮುಗಿದ ಮೇಲೆ ನಿಮ್ಮನ್ನು ಎಷ್ಟು ಹುಡುಕಿದೆ. ಬೋರಯ್ಯ ಮಾತ್ರ ಸಿಕ್ಕಿದ. “ಸಾಬ್ರು ಆಗ್ಲೇ ಟೇಸನ್ಗೆ ಓದ್ರು ಕಣಪ್ಪ, ಯಾಕೋ ಮೊಕ ಒಂಥರಾ ಇತ್ತು” ಎಂದ. ನಿಮಗೆ ಬೇಸರವಾಗಿದೆ ಎಂದು ಗೊತ್ತು.

ನೀವು ನೋಡಿದ್ದನ್ನು ಮತ್ತೆ ಬರೆಯುವುದಿಲ್ಲ. ನಿಮಗೆ ಕಾಣದೆ ಇದ್ದದ್ದನ್ನು ಬರೆಯುತ್ತೇನೆ.

ನಿಮ್ಮ ಚೆಂಡು ಎಳೆಯುತ್ತದೆಂದು ನನಗೆ ಮೊದಲ ವಾರವೇ ಗೊತ್ತಾಗಿತ್ತು. ಹೇಳಿದರೆ ನೀವು ನೊಂದುಕೊಳ್ಳುತ್ತೀರಿ ಎಂದು ಆಗ ಸುಮ್ಮನಾದೆ. ಗೆಲ್ಲಲು ಶುರುಮಾಡಿದ ಮೇಲೆ ಹೇಳಿದರೆ ಸರಿಮಾಡಿಬಿಡುತ್ತೀರಿ ಎಂದು ಸುಮ್ಮನಾದೆ. ಮೊದಲನೆಯ ಕಾರಣ ಸ್ವಲ್ಪ ಮರ್ಯಾದೆಯದು. ಎರಡನೆಯದಕ್ಕೆ ಹೆಸರು ಬೇಡ. ದಸರಾಕ್ಕೆ ಊರಿಗೆ ಬಾರದೆ ಇದ್ದದ್ದು ಓದಿಗಲ್ಲ, ನಿಮ್ಮ ಅಂಗಡಿಯ ಮುಂದೆ ಹಾದುಹೋಗಬೇಕಲ್ಲ ಎಂದು.

ಹೊಸ ಚೆಂಡು ಬಂದ ದಿನವೇ ಅದನ್ನು ತಂಡಕ್ಕೆ ತೋರಿಸಿ ಅಭ್ಯಾಸ ಮಾಡಿಸಿದ್ದರೆ ಪುಟ್ಟಸ್ವಾಮಿ ಕಾಲು ತಿದ್ದಿಕೊಳ್ಳುತ್ತಿದ್ದ. ನಾನು ಅದನ್ನು ಆರು ದಿನ ಟ್ರಂಕಿನಲ್ಲಿಟ್ಟು ಬೀಗ ಹಾಕಿದೆ. ಹಳೆಯದರಲ್ಲೇ ಅಭ್ಯಾಸ ಮಾಡಿಸಿದೆ. ಹಳೆಯದನ್ನೇ ಇಡುವುದೆಂದು ತೀರ್ಮಾನ ಮಾಡಿಕೊಂಡೇ ಮಂಡ್ಯದಲ್ಲಿ ಇಳಿದೆ.

ಟಾಸ್ ಗೆದ್ದಾಗ ನನ್ನ ಎರಡು ಕಂಕುಳಲ್ಲೂ ಒಂದೊಂದು ಚೆಂಡಿತ್ತು. ಹಗ್ಗದ ಕಡೆ ನೋಡಿದೆ. ನೀವು ನನ್ನನ್ನು ನೋಡುತ್ತಿರಲಿಲ್ಲ. ಹಳೆಯ ಚೆಂಡಿನ ಮೇಲಿದ್ದ ನಿಮ್ಮ ಮುದ್ರೆಯನ್ನು ನೋಡುತ್ತಿದ್ದಿರಿ. ಜೀನು ಬಿಚ್ಚಿದೆ ಎಂದು ಬರೆದಿದ್ದಿರಲ್ಲ, ಅದು ನೆನಪಾಯಿತು. ನನ್ನ ಕೈ ತಾನಾಗಿ ಹೊಸದನ್ನು ರೆಫರಿಗೆ ಕೊಟ್ಟಿತು.

ಪುಟ್ಟಸ್ವಾಮಿಗೆ ಏನೂ ಗೊತ್ತಿರಲಿಲ್ಲ, ಟಾಸ್ ಗೆದ್ದೆವಲ್ಲ, ನಮ್ಮ ಹಳೆಯ ಚೆಂಡೇ ಎಂದುಕೊಂಡ. ಎರಡು ಫ್ರೀ ಕಿಕ್ಕಿನಲ್ಲೂ ಲೇಸು ಮೇಲೆ ಮಾಡಿ, ಬಲಗಂಬದ ಆಚೆ ನೋಡಿ ಒದ್ದ. ಅವು ನೆಟ್ಟಗೆ ಆಚೆಯೇ ಹೋದವು. ಸೊನ್ನೆ–ಒಂದು. ಕಪ್ಪು ಬೆಂಗಳೂರಿಗೆ ಹೋಯಿತು. ರೈಲಿನಲ್ಲಿ ಅವನಿಗೆ ಎಲ್ಲ ಹೇಳಿದೆ. ಅವನು “ಮೊದ್ಲೇ ಯೋಳಿದ್ರೆ ನೆಟ್ಟಗೆ ಒದೀತಿದ್ನಲ್ಲ ರಾಮಾನುಜ” ಎಂದ. ಅಷ್ಟೇ ಅಂದದ್ದು. ಬೈದಿದ್ದರೆ ವಾಸಿಯಿತ್ತು.

ಇನ್ನೊಂದು ವಿಷಯ. ಆಟ ಮುಗಿದ ಮೇಲೆ ಬೆಂಗಳೂರಿನ ಕ್ಯಾಪ್ಟನ್ ಚೆಂಡನ್ನು ತಿರುಗಿಸಿ ತಿರುಗಿಸಿ ನೋಡಿ, ಇದನ್ನು ಹೊಲಿದವರು ಯಾರು, ಹೆಸರೇ ಇಲ್ಲವಲ್ಲ ಎಂದು ಕೇಳಿದ. ನಿಮ್ಮ ಹೆಸರು ಹೇಳಿದೆ. ಅವನು ಬರೆದುಕೊಂಡ.

ಹಳೆಯ ಚೆಂಡನ್ನು ಈ ಕಾಗದದ ಜೊತೆಗೇ ಕಳಿಸುತ್ತಿದ್ದೇನೆ. ಏನು ಮಾಡುತ್ತೀರೋ ಮಾಡಿ. ನನ್ನನ್ನು ಕ್ಷಮಿಸಿ.

ರಾಮಾನುಜ


ಮದ್ದೂರು
17 ಡಿಸೆಂಬರ್ 1944

ರಾಮಾನುಜನಿಗೆ ನಜೀರ್ ಅಹ್ಮದನ ಸಲಾಮು.

ನನಗೆ ಬೇಸರವಾಗಿ ಹೊರಟುಹೋದೆ ಎಂದು ನೀನು ತಿಳಿದಿದ್ದೀಯ. ನಿಜ ಹೇಳುತ್ತೇನೆ. ಪುಟ್ಟಸ್ವಾಮಿ ಎರಡನೆಯ ಸಲ ಒದ್ದಾಗ ಚೆಂಡು ದಾರ ಹಿಡಿದ ಹಾಗೆ ನೆಟ್ಟಗೆ ಹೋಯಿತು. ಸುತ್ತ ನಿಂತವರೆಲ್ಲ “ಅಯ್ಯೋ” ಎಂದರು. ನನ್ನ ಬಾಯಲ್ಲಿ “ಶಾಬಾಸ್” ಬಂದುಬಿಟ್ಟಿತು. ಬೋರಯ್ಯ ನನ್ನ ಮುಖವನ್ನೇ ನೋಡಿದ. ನಮ್ಮ ತಂಡ ಸೋಲುತ್ತಿದ್ದಾಗ ನಾನೊಬ್ಬನೇ ಸಂತೋಷಪಡುತ್ತಿದ್ದೆ. ಆ ಮುಖ ಇಟ್ಟುಕೊಂಡು ನಿನ್ನ ಎದುರಿಗೆ ಬರಲು ನಾಚಿಕೆಯಾಗಿ ಹೊರಟೆ.

ಕ್ಷಮೆ ಕೇಳುವುದು ಬೇಡ. ಕೇಳುವುದಾದರೆ ಪುಟ್ಟಸ್ವಾಮಿಯನ್ನು ಕೇಳು, ನಾನೂ ಕೇಳುತ್ತೇನೆ.

ಈಗ ಮುಖ್ಯ ವಿಷಯ. ಹಳೆಯ ಚೆಂಡನ್ನು ನಿನ್ನೆ ಬಿಚ್ಚಿದೆ. ಹೊಟ್ಟೆಯ ಚರ್ಮದ ಆ ಎರಡು ಪಟ್ಟಿ ಎಷ್ಟು ಹಿಗ್ಗಿವೆ ನೋಡೋಣ ಎಂದು ಪಕ್ಕದ ಪಟ್ಟಿಗಳ ಮೇಲಿಟ್ಟು ಅಳೆದೆ. ಹಿಗ್ಗಿಯೇ ಇಲ್ಲ. ಒಂದು ದಾರದಷ್ಟೂ ಇಲ್ಲ. ಮೂರು ಸಲ ಅಳೆದೆ. ನೀನು ನೆರಳಲ್ಲೇ ಒಣಗಿಸಿದ್ದೀಯ, ಹೇಳಿದ ಮಾತು ಕೇಳಿದ್ದೀಯ. ಹಾಗಾದರೆ ಎಳೆಯುತ್ತಿದ್ದದ್ದು ಏನು? ಊಟಕ್ಕೆ ಕರೆದರೂ ಏಳಲಿಲ್ಲ. ಒಂದೊಂದೇ ಪಟ್ಟಿಯನ್ನು ತಕ್ಕಡಿಗೆ ಹಾಕಿದೆ. ಎಲ್ಲವೂ ಹೆಚ್ಚುಕಡಿಮೆ ಸಮ. ಒಂದು ಮಾತ್ರ ಉಳಿದವುಗಳ ಎರಡರಷ್ಟು ಭಾರ.

ಅದು ಮುದ್ರೆಯ ಪಟ್ಟಿ. ಮುದ್ರೆ ಆಳವಾಗಿ ಕೂರಲಿ ಎಂದು ಒಳಗೆ ದಪ್ಪ ಚರ್ಮ ಕೊಟ್ಟಿದ್ದೆನಲ್ಲ, ಮಳೆಯಲ್ಲಿ ನೆಂದು ನೀರು ಹಿಡಿದು ಅದು ಇನ್ನೂ ಭಾರವಾಗಿದೆ. ನಿನ್ನ ಮೊದಲ ಕಾಗದ ತೆಗೆದು ಓದಿದೆ. ಪುಟ್ಟಸ್ವಾಮಿ ಪ್ರತಿ ಸಲವೂ ಲೇಸನ್ನು ಆಕಾಶಕ್ಕೆ ಮಾಡಿ ಒಂದೇ ರೀತಿ ಕೂರಿಸುತ್ತಾನೆ ಎಂದು ಬರೆದಿದ್ದೀಯ. ಹಾಗೆ ಕೂರಿಸಿದರೆ ನನ್ನ ಮುದ್ರೆ ಅವನ ಎಡಗಡೆಗೆ ಬರುತ್ತದೆ, ಅದರ ಭಾರ ಚೆಂಡನ್ನು ಆ ಕಡೆಗೇ ಎಳೆಯುತ್ತದೆ. ಉತ್ತರ ಜುಲೈ ತಿಂಗಳಿನಿಂದ ನಿನ್ನ ಕಾಗದಗಳನ್ನಿಟ್ಟ ನನ್ನ ಡಬ್ಬಿಯಲ್ಲೇ ಇತ್ತು.

ಯೋಚನೆ ಮಾಡು. ಹೊಟ್ಟೆಯ ಚರ್ಮ ಹಾಕಿದೆನೆಂದು ಐದು ತಿಂಗಳು ಒಳಗೊಳಗೇ ನಾಚಿಕೊಂಡೆ. ಅದು ಪಾಪ, ತನ್ನ ಪಾಡಿಗೆ ಸರಿಯಾಗಿ ಕೆಲಸ ಮಾಡುತ್ತಿತ್ತು. ಯಾವುದನ್ನು ಎಲ್ಲರಿಗೂ ತೋರಿಸಿ ಹೆಮ್ಮೆಪಟ್ಟೆನೋ ಅದೇ ಎಳೆಯುತ್ತಿತ್ತು. ಹೊಸ ಚೆಂಡಿಗೆ ಅಪ್ಪನ ಜೀನು ಬಿಚ್ಚಬೇಕಾಗಿಯೇ ಇರಲಿಲ್ಲ. ಮುದ್ರೆ ಬಿಟ್ಟಿದ್ದರೆ ಸಾಕಿತ್ತು. ಇದನ್ನು ಸುಲ್ತಾನ್ ಬೀಗೆ ಹೇಳಿದೆ. ನಗಲು ಶುರುಮಾಡಿದವಳು ಸೆರಗು ಬಾಯಿಗೆ ತುರುಕಿಕೊಂಡರೂ ನಿಲ್ಲಿಸಲಿಲ್ಲ. ಕೊನೆಗೆ ನನಗೂ ನಗು ಬಂತು.

ಬೋರಯ್ಯನಿಗೂ ಉತ್ತರ ಕೊಟ್ಟೆ. ಆ ಗೋಲಿಗೆ ಕಣ್ಣು ಚೆನ್ನಾಗಿಯೇ ಇತ್ತು ಎಂದೆ.

ಬೆಂಗಳೂರಿನಿಂದ ಹೋದ ವಾರ ಒಂದು ಕಾಗದ ಬಂದಿದೆ. ಆ ತಂಡದವರಿಗೆ ಎರಡು ಚೆಂಡು ಬೇಕಂತೆ. ಜೊತೆಗೆ, ನಿಮ್ಮ ಹೆಸರಿನ ಮುದ್ರೆ ತಪ್ಪದೆ ಒತ್ತಿ ಕಳಿಸಿ ಎಂದು ಕೇಳಿದ್ದಾರೆ. ಹೊಟ್ಟೆಯ ಚರ್ಮವನ್ನೂ ಸೇರಿಸಿ ಎರಡೂ ಹೊಲಿದಾಯಿತು, ನಾಳೆ ರೈಲಿಗೆ ಕೊಡುತ್ತೇನೆ. ಮುದ್ರೆ ಒತ್ತಿಲ್ಲ.

ಸಂಕ್ರಾಂತಿಗೆ ಊರಿಗೆ ಬಾ. ಪುಟ್ಟಸ್ವಾಮಿಯನ್ನೂ ಕರೆದುಕೊಂಡು ಬಾ. ಅಂಗಡಿಯ ಹಿಂದೆ ಖಾಲಿ ಜಾಗವಿದೆ, ಎರಡು ಕಂಬ ನೆಟ್ಟಿದ್ದೇನೆ. ಅವನು ನೆಟ್ಟಗೆ ಒದೆಯುವುದನ್ನು ನಾನು ನೋಡಬೇಕು.

ನಜೀರ್ ಅಹ್ಮದ್